ಗಟ್ಟಿಯಾಗಿ ಹೇಳಿದ ಪ್ರಾರ್ಥನೆ

ಮೊದಲ ಸಲ ನೋಡಿದಾಗ ಅವನು ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡಳು.

ಶುಕ್ರವಾರದ ಸಂಜೆ. ಊಟಕ್ಕೆ ಮುಂಚಿನ ಪ್ರಾರ್ಥನೆ ಮುಗಿದು, ಎಲ್ಲರೂ ಆಮೆನ್ ಅಂದು, ವಿದ್ಯಾರ್ಥಿಗಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಅವನೊಬ್ಬ ಮಾತ್ರ ಹೀಟರ್ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ, ಗದ್ದವನ್ನು ಎದೆಗೆ ತಾಗಿಸಿ, ಕಣ್ಣು ಮುಚ್ಚಿಕೊಂಡೇ ಇದ್ದ. ಬಡಿಸುವ ಸದ್ದಿಗೂ ಕದಲದೆ ದೇವರ ಹತ್ತಿರ ಮಾತಾಡುವ ಹುಡುಗನನ್ನು ಅವಳು ಈ ಊರಿಗೆ ಬಂದ ಮೇಲೆ ಕಂಡಿರಲಿಲ್ಲ. ಅವಳ ಎದೆ ತುಂಬಿ ಬಂತು. ಸದ್ದಾಗದಂತೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಅವನು ಗೊರಕೆ ಹೊಡೆದ.

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೆ ಅವನಿಗೆ ಎಚ್ಚರವಾಯಿತು. ಎಲ್ಲಿದ್ದೇನೆಂದು ತಿಳಿಯದೆ, "ಊಟ ಮುಗೀತಾ?" ಎಂದು ಕನ್ನಡದಲ್ಲೇ ಕೇಳಿದ.

"ಇಲ್ಲ, ಈಗ ಶುರು. ಏಳಿ," ಅಂದಳು ಅವಳೂ ಕನ್ನಡದಲ್ಲೇ.

ಅವನು ಅವಳನ್ನು ನೋಡಿದ. ಕಣ್ಣು ಕೆಂಪಾಗಿತ್ತು, ಕೆಳಗೆ ಕಪ್ಪು ಕಟ್ಟಿತ್ತು. ಆ ಕಣ್ಣುಗಳಲ್ಲಿ ಮೊದಲು ಗಾಬರಿ, ಆಮೇಲೆ ಅನುಮಾನ, ಕೊನೆಗೆ ಏನೋ ಒಂದು ಸಮಾಧಾನ ಬಂದು ಕೂತಿತು. ನೋಟ ತಿರುಗಿಸಬೇಕಾದಷ್ಟು ಹೊತ್ತಾದರೂ ಅವನು ತಿರುಗಿಸಲಿಲ್ಲ. ಅವಳೇ ತಿರುಗಿಸಬೇಕಾಯಿತು.

"ನೀವು ಪ್ರಾರ್ಥನೆ ಮಾಡ್ತಿದ್ದೀರಿ ಅಂದ್ಕೊಂಡೆ."

"ಮಾಡ್ದೆ. ಬೇಗ ಮುಗೀಲಿ ಅಂತ."

ಮಿಷನರಿ ಅಂದ ಕೂಡಲೇ ಜನ ಬಿಳಿ ಬಟ್ಟೆ, ಕೈಯಲ್ಲಿ ಪುಸ್ತಕ, ಕಾಡಿನ ದಾರಿ ಎಂದು ಏನೇನೋ ಊಹಿಸಿಕೊಳ್ಳುತ್ತಾರೆ. ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಹಾಸಿಗೆ ಹೊರುವುದೇ ಆಗಿತ್ತು. ಪರದೇಶದ ಆ ವಿಶ್ವವಿದ್ಯಾಲಯಕ್ಕೆ ಎಲ್ಲೆಲ್ಲಿಂದಲೋ ಓದಲು ಬರುವ ಮಕ್ಕಳನ್ನು ಸ್ಟೇಷನ್ನಿನಿಂದ ಕರೆತರಬೇಕು, ರೂಮು ಹುಡುಕಿಕೊಡಬೇಕು, ಓದು ಮುಗಿಸಿ ಹೋದವರು ಬಿಟ್ಟ ಹಾಸಿಗೆ, ಕಂಬಳಿ, ಪಾತ್ರೆಗಳನ್ನು ಹೊಸಬರಿಗೆ ಮುಟ್ಟಿಸಬೇಕು, ಜ್ವರ ಬಂದವರಿಗೆ ಗಂಜಿ ಕಾಯಿಸಬೇಕು. ಶುಕ್ರವಾರ ಸಂಜೆ ಸೈಕಲ್ ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ ಎಲ್ಲರಿಗೂ ಊಟ, ಊಟವಾದ ಮೇಲೆ ಉಳಿದವರಿಗೆ ಬೈಬಲ್. ಅರ್ಧ ಜನ ಕೈ ಒರೆಸಿಕೊಂಡು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಚರ್ಚಿನ ಸಭಾಪಾಲಕರ ಮಗಳು, ಖಾಲಿ ಬೆಂಚು ನೋಡಿಕೊಂಡೇ ಬೆಳೆದವಳು.

ಅವನು ಜಾರಿಕೊಳ್ಳುವವನಲ್ಲ, ನಂಬುವವನೂ ಅಲ್ಲ. ಹಳೆಯ ಕಾಂಕ್ರೀಟು ಹೇಗೆ ಬಿರುಕು ಬಿಡುತ್ತದೆಂದು ಪಿಎಚ್‌ಡಿ ಮಾಡುತ್ತಿದ್ದ. ಊಟಕ್ಕೆ ಬರುತ್ತೇನೆ ಎಂದು ನೇರವಾಗಿ ಹೇಳಿ, ಉಂಡ ಋಣಕ್ಕೆ ಎಂಬಂತೆ ಕೊನೆಯವರೆಗೂ ಕೂತು, ಎಲ್ಲ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಹೋಗುತ್ತಿದ್ದ. ಹುಡುಗರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಅವನು ಮಾತ್ರ ಒಂದು ದಿನವೂ ಅನ್ನಲಿಲ್ಲ. ಅದನ್ನು ಅವಳು ಗಮನಿಸಿದ್ದಳು. ಅವಳು ಗಮನಿಸಿದ್ದು ಅವನಿಗೆ ಗೊತ್ತಿತ್ತು.

ಮಾತಿಗೆ ಮಾತು ಬಂದು ಇಬ್ಬರ ಊರೂ ಒಂದೇ ಎಂದು ಗೊತ್ತಾಯಿತು. ಅವಳ ಅಪ್ಪನ ಚರ್ಚ್ ಇದ್ದ ರಸ್ತೆಯ ಇನ್ನೊಂದು ತುದಿಯಲ್ಲಿ ಅವನ ಅಮ್ಮನ ಹೊಲಿಗೆ ಕ್ಲಾಸು.

"ನಿಮ್ಮ ಗಂಟೆ ಕೇಳಿಸಿದ ಮೇಲೇ ಅಮ್ಮ ಕ್ಲಾಸ್ ಬಿಡ್ತಿದ್ದದ್ದು," ಅಂದ. "ನಿಮ್ಮಪ್ಪ ಯಾವತ್ತಾದ್ರೂ ಗಂಟೆ ಹೊಡೆಯೋದು ಮರೆತ್ರೆ ಆ ಹೆಂಗಸರಿಗೆ ಅವತ್ತು ಮನೆಗೆ ಹೋಗೋ ಭಾಗ್ಯ ಇಲ್ಲ."

"ನಮ್ಮಪ್ಪ ಯಾವತ್ತೂ ಮರೀತಿರ್ಲಿಲ್ಲ."

"ಮರೀತಿದ್ರು. ನಿಮಗೆ ಗೊತ್ತಿಲ್ಲ. ನೀವು ಆಗ ಸಂಡೇ ಸ್ಕೂಲಲ್ಲಿ ಅಧಿಕಪ್ರಸಂಗ ಮಾಡ್ತಿದ್ರಿ."

ನೋಡದೆಯೇ ಹೇಗೆ ಗೊತ್ತು ಎಂದು ಕೇಳಿದರೆ, ಮುಖ ನೋಡಿದರೆ ಗೊತ್ತಾಗುತ್ತದೆ ಅಂದ. ಹಾಗೆ ಹೇಳಿ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ನಂಬಿಕೆಯಲ್ಲಿಲ್ಲದವರ ಜೊತೆ ಮದುವೆಯ ಮಾತು ಬೆಳೆಸುವಂತಿಲ್ಲ. ಈ ನಿಯಮಕ್ಕೆ ಒಪ್ಪಿಕೊಂಡೇ ಅವಳು ಕೆಲಸಕ್ಕೆ ಸೇರಿದ್ದಳು. ಆಗ ಅದು ಕಷ್ಟದ್ದು ಅನ್ನಿಸಿರಲಿಲ್ಲ. ಆಗ ಅವನು ಇರಲಿಲ್ಲವಲ್ಲ.

ಹೊಸ ವರ್ಷದ ತರಗತಿಗಳು ಶುರುವಾಗುವ ಮುಂಚೆ ಹಾಸಿಗೆ ಸಾಗಿಸಲು ಅವನೇ ಬಂದ. ಹಳೆಯ ಕಟ್ಟಡಗಳು, ಲಿಫ್ಟ್ ಇಲ್ಲ, ಮೆಟ್ಟಿಲು ಕಿರಿದು. ಅವನು ಮೇಲೆ, ಅವಳು ಕೆಳಗೆ, ನಡುವೆ ನಿಲ್ಲಿಸಿದ ಹಾಸಿಗೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ತಿರುವಿನಲ್ಲಿ ಹಾಸಿಗೆ ಸಿಕ್ಕಿಕೊಂಡರೆ ಉಸಿರು ಬಿಡುತ್ತ ನಿಲ್ಲುತ್ತಿದ್ದರು.

"ಇದ್ದೀರಾ?" ಅಂತ ಮೇಲಿಂದ ಕೇಳುತ್ತಿದ್ದ.

"ಇದ್ದೀನಿ."

"ಸುಮ್ಮನಿದ್ರಲ್ಲ, ಸ್ವರ್ಗಕ್ಕೆ ಹೋದ್ರೇನೋ ಅಂದ್ಕೊಂಡೆ. ಸ್ವಲ್ಪ ನೂಕಿ."

ಅವಳು ನಗುತ್ತ ನೂಕುತ್ತಿದ್ದಳು. ಹಾಸಿಗೆಯ ಆಚೆ ಅವನೂ ನಗುತ್ತಿದ್ದಾನೆಂದು ಅದು ಅಲುಗುವುದರಿಂದಲೇ ತಿಳಿಯುತ್ತಿತ್ತು.

ಹಾಸಿಗೆ ಮುಗಿದ ಮೇಲೆ ಕಂಬಳಿ, ಚಾದರ. ಭಾನುವಾರ ಮಧ್ಯಾಹ್ನ ಬೀದಿ ಕೊನೆಯ ಲಾಂಡ್ರಿಯಲ್ಲಿ ಇಬ್ಬರೇ ಇದ್ದರು. ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ತುದಿ ಹಿಡಿದು ದೂರ ನಿಲ್ಲಬೇಕು, ಜಗ್ಗಬೇಕು, ಆಮೇಲೆ ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಪ್ರತಿ ಸಲ ಬೆರಳು ತಾಗುತ್ತಿತ್ತು. ಪ್ರತಿ ಸಲ ಇಬ್ಬರೂ ಚಾದರದ ಅಂಚನ್ನೇ ತುಂಬಾ ಗಮನವಿಟ್ಟು ನೋಡುತ್ತಿದ್ದರು. ಅಷ್ಟು ಅಚ್ಚುಕಟ್ಟಾಗಿ ಆ ಲಾಂಡ್ರಿಯಲ್ಲಿ ಯಾರೂ ಚಾದರ ಮಡಿಸಿರಲಿಕ್ಕಿಲ್ಲ.

"ನಿಮಗೆ ನಿದ್ದೆ ಬರಲ್ವಾ? ಶುಕ್ರವಾರ ಬಂದ್ರೆ ಸಾಕು, ಆ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗ್ತೀರಿ," ಅಂದಳು.

"ಅಲ್ಲಿ ಮಾತ್ರ ಬರುತ್ತೆ. ಜನ ಇರ್ತಾರಲ್ಲ."

ಅವಳು ಕೈಯಲ್ಲಿದ್ದ ತುದಿಯನ್ನು ಬಿಡದೆ ಕಾದಳು. ಯಂತ್ರದೊಳಗೆ ಕಂಬಳಿಗಳು ಧಡ್ ಧಡ್ ಎಂದು ಉರುಳುತ್ತಿದ್ದವು. ಅವನು ಆ ಯಂತ್ರದ ಗಾಜನ್ನೇ ನೋಡುತ್ತ ಹೇಳಿದ. ಬಂದ ಮೊದಲ ವರ್ಷವೇ ಅಪ್ಪ ಹೋದದ್ದು, ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದ್ದು, ನಡುವೆ ನೆಟ್‌ವರ್ಕ್ ಹೋಗಿ ಅಪ್ಪನ ಮುಖದ ಮೇಲೆ ಚಿತ್ರ ನಿಂತುಬಿಟ್ಟಿದ್ದು. ಆಮೇಲೆ ಲ್ಯಾಬಿನಲ್ಲಿ ಒಂದು ವರ್ಷದ ಕೆಲಸ ಪೂರ್ತಿ ತಪ್ಪೆಂದು ಗೈಡ್ ತೆಗೆದುಹಾಕಿದ್ದು. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ನದಿಯ ಮೇಲಿನ ಸೇತುವೆಗೆ ಹೋಗಿ ನಿಂತದ್ದು.

"ನಿಂತಿದ್ದೆ. ನಾಯಿ ಹಿಡ್ಕೊಂಡು ಒಬ್ಬ ಅಜ್ಜ ಬಂದ. ಅವನ ಶೂ ಲೇಸ್ ಬಿಚ್ಚಿತ್ತು. ಒಂಚೂರು ಹಿಡ್ಕೊಪ್ಪ ಅಂತ ನಾಯಿ ಹಗ್ಗ ನನ್ನ ಕೈಗೆ ಕೊಟ್ಟು ಬಗ್ಗಿದ. ವಯಸ್ಸಾಗಿತ್ತು. ಬಗ್ಗೋಕೆ ಅಷ್ಟು ಹೊತ್ತು, ಏಳೋಕೆ ಇನ್ನಷ್ಟು ಹೊತ್ತು. ಬೇರೆಯವರ ನಾಯಿ ಕೈಲಿಟ್ಕೊಂಡು ಏನು ಮಾಡೋಕಾಗುತ್ತೆ, ಹೇಳು? ಅವನು ಏಳೋ ಹೊತ್ತಿಗೆ ನನಗೆ ಕಾಲು ಮರಗಟ್ಟಿತ್ತು. ರೂಮಿಗೆ ಬಂದ್ಬಿಟ್ಟೆ."

ಹೇಳು ಅಂದದ್ದು ಇಬ್ಬರ ಕಿವಿಗೂ ಬಿತ್ತು. ಅವಳು ಚಾದರ ಬಿಟ್ಟು ಅವನ ಕೈ ಹಿಡಿದಳು. ಮಡಿಸಿದ್ದೆಲ್ಲ ನೆಲಕ್ಕೆ ಬಿತ್ತು.

"ಇದನ್ನ ಯಾರಿಗೂ ಹೇಳಿಲ್ಲ. ಅಮ್ಮಂಗಂತೂ ಗೊತ್ತಾಗ್ಲೇಬಾರ್ದು. ಅವಳಿಗೆ ಇರೋದು ನಾನೊಬ್ಬನೇ."

"ನನ್ನಿಂದ ಹೊರಗೆ ಹೋಗಲ್ಲ," ಅಂದಳು. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಅಲ್ಲಿಂದ ಅವಳ ನಿದ್ದೆ ಹೋಯಿತು. ಅವನು ಒಂದು ಸಲ ಫೋನ್ ಎತ್ತದಿದ್ದರೆ ಅವಳಿಗೆ ಸೇತುವೆ ಕಾಣುತ್ತಿತ್ತು. ಲ್ಯಾಬಿನಲ್ಲಿದ್ದೆ, ಕೈ ತುಂಬಾ ಸಿಮೆಂಟು ಎಂದು ಅವನು ಆಮೇಲೆ ಹೇಳಿದರೂ ಎದೆಬಡಿತ ಇಳಿಯುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಈಗ ಚೆನ್ನಾಗಿದ್ದೇನಲ್ಲ ಎಂದು ನಗುತ್ತಿದ್ದ. ಯಾರನ್ನೂ ಕೇಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಪ್ರೀತಿಸುವವನ ಜೀವವನ್ನು ಒಬ್ಬಳೇ ಕಾಯುವುದು ಅವಳ ಶಕ್ತಿಗೆ ಮೀರಿದ್ದಾಗಿತ್ತು. ಅದನ್ನು ಅವಳು ಒಪ್ಪಿಕೊಳ್ಳಲಿಲ್ಲ.

ಮಂಗಳವಾರ ಬೆಳಿಗ್ಗೆ ತಂಡದ ಪ್ರಾರ್ಥನೆ. ತಂಡದ ಹಿರಿಯರನ್ನು ಎಲ್ಲರೂ ಅಂಕಲ್ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಆಂಟಿ. ಮನೆಮಗಳ ಹಾಗೆ ನೋಡಿಕೊಂಡವರು. ವೃತ್ತಾಕಾರವಾಗಿ ಕೂತು, ಒಬ್ಬೊಬ್ಬರೂ ತಾವು ನೋಡಿಕೊಳ್ಳುವ ವಿದ್ಯಾರ್ಥಿಗಳ ಕಷ್ಟಗಳನ್ನು ದೇವರ ಮುಂದೆ ಗಟ್ಟಿಯಾಗಿ ಇಡಬೇಕು, ಉಳಿದವರು ಆಮೆನ್ ಅನ್ನಬೇಕು. ಇವರು ಕೆಲಸ ಮಾಡುವ ರೀತಿಯೇ ಅದು. ಆಮೇಲೆ ಆಂಟಿ ಅಂದಿನ ಪ್ರಾರ್ಥನಾ ವಿಷಯಗಳನ್ನೆಲ್ಲ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಊರಿನಲ್ಲಿ ಇವರಿಗಾಗಿ ಪ್ರಾರ್ಥಿಸುವ ಚರ್ಚ್ ಸಭೆಗಳಿಗೆ ಕಳಿಸುತ್ತಿದ್ದರು. ಅವಳ ಅಪ್ಪನ ಸಭೆಯೂ ಅವುಗಳಲ್ಲೊಂದು.

ಅವಳ ಸರದಿ ಬಂತು. ಪರೀಕ್ಷೆ, ವೀಸಾ, ಮನೆ ನೆನಪು ಎಂದು ಹೇಳುತ್ತ ಹೋದಳು. ಮುಚ್ಚಿದ ಕಣ್ಣಿನ ಹಿಂದೆ ಸೇತುವೆ ಬಂತು. ಮಾತನ್ನು ತಡೆಯಲು ನೋಡಿದಳು, ಆಗಲಿಲ್ಲ.

"ತಂದೆಯೇ, ನಮ್ಮೂರಿನ ಆ ಸಹೋದರ. ಅಪ್ಪನನ್ನು ಕಳ್ಕೊಂಡವನು. ಹೊಲಿಗೆ ಕಲಿಸಿ ಸಾಕಿದ ತಾಯಿಗೆ ಒಬ್ಬನೇ ಮಗ. ಸೇತುವೆ ಮೇಲಿಂದ ಅವನನ್ನ ನೀನೇ ವಾಪಸ್ ಕಳಿಸ್ದೆ. ಇನ್ನೊಂದು ಸಲ ಅಲ್ಲಿಗೆ ಹೋಗೋಕೆ ಬಿಡಬೇಡ."

ಆಮೆನ್, ಅಂದರು ಎಲ್ಲರೂ. ಆಂಟಿ ಅವಳ ಕೈ ಹಿಡಿದು ಒತ್ತಿದರು. ಅವಳು ಅತ್ತಳು. ಅತ್ತ ಮೇಲೆ ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದ ಹಾಗೆ ಹಗುರಾಯಿತು. ಅವಳು ಹೆಸರು ಹೇಳಿರಲಿಲ್ಲ. ಇದನ್ನು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ ಲೆಕ್ಕವಿಲ್ಲ. ಪಕ್ಕದ ಕೋಣೆಯಲ್ಲಿ ಆಂಟಿ ರೆಕಾರ್ಡ್ ಮಾಡುವ ದನಿ ಕೇಳಿಸುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ಕಪ್ ತೊಳೆಯುತ್ತಿದ್ದಳು. ಏನೂ ಹೊಳೆಯಲಿಲ್ಲ. ಅಂದು ಚೆನ್ನಾಗಿ ನಿದ್ದೆ ಬಂತು.

ಮುಂದಿನ ಸೋಮವಾರ ಬೆಳಿಗ್ಗೆ ಅವಳ ಅಮ್ಮ ಫೋನ್ ಮಾಡಿದರು. ದನಿಯಲ್ಲಿ ಸಂಭ್ರಮವಿತ್ತು.

"ನಿನ್ನೆ ಆ ಹುಡುಗನಿಗೋಸ್ಕರ ಇಡೀ ಸಭೆ ಎದ್ದು ನಿಂತು ಪ್ರಾರ್ಥನೆ ಮಾಡ್ತು ಕಣೇ. ಹೊಲಿಗೆ ಟೀಚರ್ ಮಗನೇ ಇರ್ಬೇಕು ಅಂತ ನಮ್ಮ ಸಭೆಯ ನರ್ಸಮ್ಮಂಗೆ ತಕ್ಷಣ ಗೊತ್ತಾಯ್ತು. ಪಾಪ, ಇವತ್ತು ಅವಳೇ ಹೋಗಿ ಆ ತಾಯಿಗೆ ಧೈರ್ಯ ಹೇಳಿ ಬಂದಿದಾಳೆ."

ಅಮ್ಮ ಇನ್ನೂ ಏನೋ ಹೇಳುತ್ತಿದ್ದರು. ಅವಳು ಚಪ್ಪಲಿಯಲ್ಲೇ ಹೊರಟಳು. ಅವನಿಗೆ ಬೇರೆ ಯಾರಾದರೂ ಹೇಳುವ ಮುಂಚೆ ತಾನೇ ಹೇಳಬೇಕೆಂದು ಬೀದಿಯುದ್ದಕ್ಕೂ ಓಡಿದಳು.

ಅವನು ಲ್ಯಾಬಿನ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ. ಮೈಮೇಲೆ ಬೂದಿ ಬಣ್ಣದ ಕೋಟು, ಕೂದಲಲ್ಲಿ ಸಿಮೆಂಟಿನ ಧೂಳು, ಕೈಯಲ್ಲಿ ಫೋನು. ಮುಖ ನೋಡಿದ ಕೂಡಲೇ ತಾನು ತಡವಾಗಿ ಬಂದೆನೆಂದು ಗೊತ್ತಾಯಿತು.

"ಚಿಕ್ಕಪ್ಪ ಫೋನ್ ಮಾಡಿದ್ರು," ಅಂದ. "ಯಾರಿಗೆ ಹೇಳ್ದೆ?"

"ದೇವರಿಗೆ."

"ಗಟ್ಟಿಯಾಗಿ ಹೇಳಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಮನಸ್ಸಲ್ಲಿ ಹೇಳಿದ್ರೆ ನಿನ್ನ ದೇವರಿಗೆ ಕೇಳ್ಸಲ್ವಾ?"

"ಹೆಸರು ಹೇಳಿರ್ಲಿಲ್ಲ."

ಅವನು ನಕ್ಕ. ಆ ನಗುವಿನ ಬದಲು ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. "ನಮ್ಮೂರಲ್ಲಿ ಹೊಲಿಗೆ ಕಲಿಸೋ ವಿಧವೆ ಎಷ್ಟು ಜನ ಇದಾರೆ? ಕ್ಲಾಸ್ ನಡೀತಿತ್ತಂತೆ. ಆ ನರ್ಸಮ್ಮ ಬಾಗಿಲಲ್ಲೇ ನಿಂತು, ಹೆದರ್ಬೇಡಿ, ನಿಮ್ಮ ಮಗನ್ನ ದೇವರೇ ಉಳಿಸಿದಾನೆ, ಇನ್ನು ಸಾಯೋ ಯೋಚನೆ ಮಾಡಲ್ಲ ಅಂದ್ರಂತೆ. ಅಷ್ಟೂ ಹೆಂಗಸರು ಮಿಷಿನ್ ತುಳಿಯೋದು ನಿಲ್ಲಿಸಿ ಕೇಳಿಸ್ಕೊಂಡ್ರು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಿದಾಳೆ. ನನ್ನ ಹತ್ರ ಒಂದೇ ಮಾತು ಆಡಿದ್ಲು. ಹೊರಗಿನವರ ಬಾಯಿಂದ ಕೇಳ್ಬೇಕಾಯ್ತಲ್ಲ ಅಂತ. ಆಮೇಲೆ ಫೋನ್ ಎತ್ತಿಲ್ಲ."

ಅವಳು ಕೈ ಚಾಚಿದಳು. ಅವನು ಹಿಂದೆ ಸರಿಯಲಿಲ್ಲ, ಹಿಡಿಯಲೂ ಇಲ್ಲ.

"ನಾನು ಹೆದರಿದ್ದೆ ಕಣೋ. ನೀನೆಲ್ಲಿ ಮತ್ತೆ..."

"ಹೆದರಿಕೆ ಆದ್ರೆ ನನಗೆ ಹೇಳ್ಬೇಕಿತ್ತು. ನಿನ್ನ ಹೆದರಿಕೆ ಇಳಿಸ್ಕೊಳ್ಳೋಕೆ ನನ್ನನ್ನ ಬೀದಿಗೆ ಹಾಕಿದೆ."

ಅದು ಸತ್ಯವಾಗಿತ್ತು. ಒಳಗೆ ಯಂತ್ರದಲ್ಲಿ ಯಾರದೋ ಕಾಂಕ್ರೀಟಿನ ತುಂಡು ಒಡೆದ ಸದ್ದಾಯಿತು. ಅವನು ಒಳಗೆ ಹೋದ.

ಅವನು ಊರಿಗೆ ಹೊರಡುವುದೆಂದು ತೀರ್ಮಾನಿಸಿದ. ನಡುವೆ ಬಿಟ್ಟರೆ ಪ್ರಯೋಗಗಳೆಲ್ಲ ಹಾಳು, ಜಾಗ ಕಾಯ್ದಿಡಲಾಗುವುದಿಲ್ಲ ಎಂದು ಗೈಡ್ ಹೇಳಿದರಂತೆ. ಅಮ್ಮ ಊಟ ಬಿಟ್ಟಿದ್ದಾರೆ ಎಂದು ಚಿಕ್ಕಪ್ಪ ಹೇಳಿದ ಮೇಲೆ ಅವನು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಮಂಗಳವಾರ ಅವಳು ವೃತ್ತದಲ್ಲಿ ಬಾಯಿ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಅಂಕಲ್ ಕೂರಿಸಿಕೊಂಡು ಮಾತಾಡಿದರು.

"ಒಳ್ಳೇದಕ್ಕೇ ಆಯ್ತು ಅಂದ್ಕೋಮ್ಮ. ತಾಯಿಗೆ ಗೊತ್ತಾಯ್ತು. ಇನ್ನು ಅವರು ನೋಡ್ಕೋತಾರೆ."

"ಅದು ನನ್ನ ಮಾತಲ್ಲ ಅಂಕಲ್. ನನ್ನದಲ್ಲದ್ದನ್ನ ನಾನು ಹಂಚಿಬಿಟ್ಟೆ."

"ದೇವರ ಮುಂದೆ ಇಟ್ಟದ್ದು ಹಂಚಿದ ಹಾಗಾಗುತ್ತಾ?"

"ಆಗುತ್ತೆ. ಆಯ್ತಲ್ಲ. ಇನ್ಮೇಲೆ ಯಾರ ಕಷ್ಟಾನೂ ನಾನಿಲ್ಲಿ ಹೇಳಲ್ಲ."

ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಾಗಿಲ ಹತ್ತಿರ ನಿಂತಿದ್ದರು. ಅವರೂ ಸರಿಯಾಗಿ ಮಲಗಿದ ಹಾಗಿರಲಿಲ್ಲ. ಅಂಕಲ್ ಸಿಟ್ಟು ಮಾಡಲಿಲ್ಲ. ಏನೂ ಹೇಳದಿದ್ದರೆ ಊರಿನವರು ಯಾರಿಗಾಗಿ ಪ್ರಾರ್ಥಿಸಬೇಕು, ಯಾವ ನಂಬಿಕೆಯ ಮೇಲೆ ನಮ್ಮನ್ನು ಇಲ್ಲಿ ಇಟ್ಟುಕೊಳ್ಳಬೇಕು ಎಂದು ಮೆಲ್ಲಗೆ ಕೇಳಿದರು. ಹೀಗೇ ಆದರೆ ನೀನು ಮುಂದೆ ಇಲ್ಲಿರುವುದರ ಬಗ್ಗೆ ಯೋಚಿಸಬೇಕಾಗುತ್ತದೆ ಅಂದರು. ಅವಳು ಆಗಲಿ ಅಂದಳು.

ಅವನು ಹೊರಡುವ ದಿನ ಅವಳು ಅವನ ರೂಮಿಗೆ ಹೋದಳು. ಹೋಗಲೇಬೇಕಿತ್ತು. ಬಿಟ್ಟು ಹೋಗುವವರ ಹಾಸಿಗೆ ತರುವುದು ಅವಳ ಕೆಲಸ.

ಗೋಡೆ ಬರಿದಾಗಿತ್ತು. ಎರಡು ಚೀಲ, ಒಂದು ಕೋಟು. ಅವನೇ ಹಾಸಿಗೆಯ ಒಂದು ತುದಿ ಎತ್ತಿದ. ಈ ಸಲ ಅವಳು ಮೇಲೆ, ಅವನು ಕೆಳಗೆ. ಎರಡನೆಯ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಯಾರೂ ನೂಕಲಿಲ್ಲ.

"ಒಂದು ಮಾತು," ಅಂದ ಅವನು ಆಚೆಯಿಂದ. ಮುಖ ಕಾಣದ್ದಕ್ಕೆ ಧೈರ್ಯ ಬಂದಿರಬೇಕು. "ದೀಕ್ಷಾಸ್ನಾನ ತಗೊಂಡು ನಿಮ್ಮ ನೀರಲ್ಲಿ ಮುಳುಗಿ ಏಳೋಣ ಅಂತಲೂ ಯೋಚನೆ ಮಾಡಿದ್ದೆ. ನಿನ್ನ ನಿಯಮ ಗೊತ್ತಿತ್ತಲ್ಲ."

"ನನಗೋಸ್ಕರ ಮುಳುಗೋಕೆ ನಾನು ಬಿಡ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಕೇಳ್ಲಿಲ್ಲ."

ಅವಳು ಹಾಸಿಗೆಗೆ ಹಣೆ ಒತ್ತಿ ನಿಂತಳು. ಕಣ್ಣೀರು ಅದರ ಬಟ್ಟೆಗೆ ಇಳಿಯುತ್ತಿತ್ತು.

"ನಿನ್ನ ಪ್ರೀತಿಸ್ತೀನಿ," ಅಂದಳು. "ಇದನ್ನ ದೇವರಿಗೂ ಹೇಳಿಲ್ಲ."

ಕೆಳಗಿನ ಮನೆಯ ಯಾರೋ ಬಾಗಿಲು ತೆಗೆದು, ಹಾಸಿಗೆ ನೋಡಿ, ಮುಚ್ಚಿಕೊಂಡರು.

"ನಾನೂ," ಅಂದ ಕೊನೆಗೆ. "ಆದ್ರೆ ಕೋಪ ಹೋಗಿದೆ ಅಂದ್ರೆ ಸುಳ್ಳಾಗುತ್ತೆ. ನಿನ್ನ ದನಿ ಕೇಳಿದ್ರೆ ಆ ಕ್ಲಾಸಿನ ಹೆಂಗಸರು ಕಾಣ್ತಾರೆ."

"ನಾನು ಫೋನ್ ಮಾಡಲ್ಲ. ಆದ್ರೆ ನೀನು ಹೇಗಿದೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವನು ಯೋಚಿಸಿದ. "ದಿನಾ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಎತ್ತಬೇಡ. ಬಂತು ಅಂದ್ರೆ ಇದೀನಿ ಅಂತ."

"ಅಲ್ಲಿ ಡಾಕ್ಟರ ಹತ್ರ ಹೋಗ್ತೀಯಾ?"

"ನೋಡ್ತೀನಿ."

"ನೋಡ್ತೀನಿ ಅಲ್ಲ."

"ಹೋಗ್ತೀನಿ. ನೂಕು ಈಗ, ಬಸ್ ಹೋಗುತ್ತೆ."

ಬಸ್ ನಿಲ್ದಾಣದಲ್ಲಿ ಅವನು ಅವಳ ಕೋಟಿನ ಮೇಲಿನ ಗುಂಡಿ ಹಾಕಿದ, ಚಳಿ ಅಂತ. ಅವನ ಬೆರಳು ಅವಳ ಗದ್ದಕ್ಕೆ ಒಂದು ಗಳಿಗೆ ತಾಗಿ ನಿಂತಿತು. ಬಸ್ಸಿನ ಕಿಟಕಿಯಿಂದ ನೋಡಿದ, ನಗಲಿಲ್ಲ, ಕೈಯನ್ನೂ ಬೀಸಲಿಲ್ಲ. ನೋಟವನ್ನು ಮಾತ್ರ ತಿರುಗಿಸಲಿಲ್ಲ. ಬಸ್ಸು ತಿರುಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ವಾಪಸ್ ಹೋಗಿ, ಮೆಟ್ಟಿಲ ಬುಡದಲ್ಲಿ ಬಿಟ್ಟುಬಂದಿದ್ದ ಹಾಸಿಗೆಯನ್ನು ಒಬ್ಬಳೇ ಎಳೆದುಕೊಂಡು ಹೋದಳು.

ಮಿಸ್ಡ್ ಕಾಲ್ ಬರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೋ ಚಹಾ ಕುದಿಯುವಾಗಲೋ ಫೋನು ಎರಡು ಸಲ ಬಡಿದು ಸುಮ್ಮನಾಗುತ್ತಿತ್ತು. ಆ ಎರಡು ಬಡಿತಕ್ಕೆ ಅವಳು ಒಲೆಯ ಮುಂದೆ ಅಲ್ಲಾಡದೆ ನಿಲ್ಲುತ್ತಿದ್ದಳು. ಅವನು ಊಟ ಮಾಡಿದನೋ, ನಿದ್ದೆ ಬಂತೋ, ತಾಯಿ ಮಾತಾಡಿದರೋ, ಏನೂ ತಿಳಿಯುತ್ತಿರಲಿಲ್ಲ. ಇದ್ದಾನೆ, ಅಷ್ಟೇ. ಒಂದು ದಿನ ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನದವರೆಗೂ ಬರಲಿಲ್ಲ. ಅಂದು ಸ್ಟೇಷನ್ನಿಗೆ ಹೋಗಿ, ರೈಲಿಳಿದ ಹೊಸ ಹುಡುಗಿಯನ್ನು ಬೆಂಚಿನಲ್ಲಿ ಕೂರಿಸಿ, ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಫೋನನ್ನೇ ನೋಡುತ್ತ ನಿಂತಳು. ಸಂಜೆ ಬಂತು. ಕರೆಂಟ್ ಹೋಗಿ ಫೋನ್ ಚಾರ್ಜ್ ಆಗದಿದ್ದದ್ದಷ್ಟೇ ಇರಬಹುದು. ಕೇಳುವಂತಿರಲಿಲ್ಲ.

ಅವಳು ಪ್ರಾರ್ಥಿಸುವುದನ್ನು ಬಿಟ್ಟಿರಲಿಲ್ಲ. ತುಟಿ ಅಲುಗಿಸುವುದನ್ನು ಮಾತ್ರ ಬಿಟ್ಟಿದ್ದಳು.

ಹಾಗಿರುವಾಗ ಒಂದು ಮಂಗಳವಾರ, ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ, ಅವಳ ಮಡಿಲಲ್ಲಿ ಫೋನು ನಡುಗಿತು. ಅವನದೇ ನಂಬರು. ಆದರೆ ಅಂದಿನ ಮಿಸ್ಡ್ ಕಾಲ್ ಬೆಳಿಗ್ಗೆಯೇ ಬಂದಾಗಿತ್ತು. ಎರಡು ಸಲ ಬಡಿಯಿತು. ಮೂರನೆಯ ಸಲವೂ ಬಡಿಯಿತು. ನಿಲ್ಲಲಿಲ್ಲ.

ಸತ್ತವರ ಫೋನಿನಿಂದ ಮನೆಯವರು ಎಲ್ಲರಿಗೂ ತಿಳಿಸುತ್ತಾರೆ. ಅವಳಿಗೆ ಬಂದ ಯೋಚನೆ ಅದೊಂದೇ. ಕುರ್ಚಿ ಹಿಂದೆ ಸರಿಸಿ ಎದ್ದಳು. ಅಂಕಲ್ ಪ್ರಾರ್ಥನೆ ನಿಲ್ಲಿಸಿ ನೋಡಿದರು. ಅವಳು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತು, ಫೋನನ್ನು ಕಿವಿಗೆ ಹಿಡಿದಳು.

"ನೀನೇನಾ ಅವಳು?" ಹೆಂಗಸಿನ ದನಿ. "ಚರ್ಚಿನವರ ಮಗಳು?"

"ಹೌದಮ್ಮ. ಅವರು..."

"ಇದಾನೆ. ಹಿಂದ್ಗಡೆ ಬಟ್ಟೆ ಒಣಗಾಕ್ತಿದಾನೆ."

ಅವಳು ಮೆಟ್ಟಿಲ ಮೇಲೆ ಕೂತಳು.

"ದಿನಾ ಫೋನ್ ಮಾಡಿ ಕಟ್ ಮಾಡ್ತಾನೆ," ಅಂದರು ತಾಯಿ. "ಯಾರಿಗೋ ಅಂದ್ರೆ ಹೇಳಲ್ಲ. ನನ್ನ ಹತ್ರ ಹೂಂ, ಊಹೂಂ ಎರಡೇ ಮಾತು. ಡಾಕ್ಟರ ಹತ್ರ ಹೋಗ್ತಾನೆ, ಮಾತ್ರೆ ತಗೋತಾನೆ, ಬಂದು ಮೂಲೆಯಲ್ಲಿ ಕೂರ್ತಾನೆ. ನಿನ್ನ ಹತ್ರ ಎಲ್ಲಾ ಹೇಳಿದ್ನಂತಲ್ಲ. ಏನಾಗಿತ್ತು ನನ್ನ ಮಗನಿಗೆ? ಆ ಸೇತುವೆ ಮೇಲೆ ಏನು ಅಂದ್ಕೊಂಡು ನಿಂತಿದ್ದ? ಹೆತ್ತವಳು ನಾನು. ನನಗೆ ಹೇಳು."

ಅವಳಿಗೆ ಹೇಳಬೇಕು ಅನ್ನಿಸಿತು. ಕೇಳುತ್ತಿರುವುದು ತಾಯಿ. ಹೇಳಿದರೆ ಆ ಜೀವಕ್ಕೆ ಸ್ವಲ್ಪ ನೆಮ್ಮದಿ. ಆ ತಾಯಿಯ ಮನಸ್ಸಿನಲ್ಲಿ ತನಗೂ ಒಂದು ಜಾಗ ಸಿಕ್ಕೀತು. ಅಪ್ಪನ ಮುಖದ ಮೇಲೆ ನಿಂತ ಚಿತ್ರ, ನಾಯಿ ಹಿಡಿದ ಅಜ್ಜ, ಎಲ್ಲ ಅವಳ ನಾಲಿಗೆ ತುದಿಯಲ್ಲೇ ಇತ್ತು.

"ಹೇಳಲ್ಲಮ್ಮ," ಅಂದಳು. "ಅದು ಅವರ ಮಾತು. ಅವರೇ ಹೇಳ್ಬೇಕು."

"ಊರಿಗೆಲ್ಲಾ ಹೇಳಿದವಳಿಗೆ ನನಗೆ ಹೇಳೋಕೆ ಬಾಯಿಲ್ವಾ?"

"ಬೈರಿ ಅಮ್ಮ. ಎಷ್ಟು ಬೇಕಾದ್ರೂ ಬೈರಿ. ಆದ್ರೆ ಹೇಳಲ್ಲ."

ಆ ಕಡೆ ತಾಯಿ ಅಳುತ್ತಿದ್ದರು. ಅವಳ ಕಣ್ಣಲ್ಲೂ ನೀರು ಹರಿಯುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಆಮೇಲೆ ಬಾಗಿಲು ತೆರೆದ ಸದ್ದು, ಹೆಜ್ಜೆ ಸದ್ದು.

"ಯಾರ ಹತ್ರ ಅಮ್ಮ? ನನ್ನ ಫೋನ್ ಯಾಕೆ ತಗೊಂಡೆ? ಕೊಡಿಲ್ಲಿ."

ಎಷ್ಟು ವಾರವಾಗಿತ್ತು ಆ ದನಿ ಕೇಳಿ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಏನು ಹೇಳ್ದೆ ಅಮ್ಮಂಗೆ?" ಅಂದ. ದನಿ ಬಿಗಿಯಾಗಿತ್ತು.

"ಏನೂ ಹೇಳ್ಲಿಲ್ಲ."

ಅವನ ಹಿಂದೆ ತಾಯಿ ಮೂಗೊರೆಸಿಕೊಳ್ಳುತ್ತ ಹೇಳುತ್ತಿದ್ದದ್ದು ಕೇಳಿಸಿತು. ಎಷ್ಟು ಕೇಳಿದ್ರೂ ಬಾಯೇ ಬಿಡಲ್ಲ ಅಂತಾಳೆ ಆ ಹುಡುಗಿ, ನನ್ನ ಮಗನ ವಿಷಯ ನನಗೇ ಹೇಳಲ್ಲ ಅಂತಾಳೆ.

ಅವನು ಕಟ್ ಮಾಡುತ್ತಾನೆ ಎಂದು ಅವಳು ಕಾದಳು. ಅವನು ಮಾಡಲಿಲ್ಲ. ದೀರ್ಘವಾಗಿ ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಮ್ಮ, ಕೂತ್ಕೋ," ಅಂದ. "ಇಲ್ಲೇ, ನನ್ನ ಪಕ್ಕ. ಹೇಳ್ತೀನಿ." ಆಮೇಲೆ ಫೋನಿಗೆ ಹತ್ತಿರವಾಗಿ, ಇವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಇಡಬೇಡ. ಇರು," ಅಂದ.

"ಇದೀನಿ."

ಹಾಲ್‌ನ ಬಾಗಿಲು ತೆರೆದು ಆಂಟಿ ಇಣುಕಿದರು. ಅವಳು ಕೈ ಅಡ್ಡ ಮಾಡಿ ತಡೆದಳು. ಬಾಗಿಲು ಮುಚ್ಚಿತು. ಅವಳು ಗೋಡೆಗೆ ಒರಗಿ, ತನ್ನ ಅಳು ಆ ಮನೆಗೆ ಕೇಳಿಸದಂತೆ ಬಾಯಿಗೆ ಅಂಗೈ ಒತ್ತಿ ಹಿಡಿದುಕೊಂಡಳು.

"ಅಪ್ಪ ಹೋದ ದಿನ ಫೋನಲ್ಲಿ ನೋಡ್ತಿದ್ನಲ್ಲಮ್ಮ," ಎಂದು ಅವನು ಶುರು ಮಾಡಿದ.